ಸಂಗೀತದಲ್ಲಿ ಅರಿಸಮಾಸ: ‘ಜ್ಯೋತಿ’ ಮೊದಲಾದ ಬೆರಕೆಯ ಕಚೇರಿಗಳನ್ನು ಕುರಿತು ಒಂದು ವಿಚಾರ

೧

ಹಾಸನದ ಸಮೀಪದ ಬೂವನಹಳ್ಳಿಯ ಸುತ್ತಣ ಊರುಗಳಲ್ಲಿ ಮದುವೆಯ ಮನೆಯ ಮುಂದೆ ನಿಂತವರ ಕಿವಿಗೆ ಎರಡು ಬಗೆಯ ಸಂಗೀತ ಬೀಳುವುದುಂಟು. ಧಾರೆಯ ಹೊತ್ತಿಗೆ ವಾಲಗದವರ ನಾಗಸ್ವರ, ಡೋಲು. ಮೆರವಣಿಗೆಯ ಹೊತ್ತಿಗೆ ಹಿತ್ತಾಳೆಯ ಕೊಳವೆಗಳ ಬ್ಯಾಂಡುಸೆಟ್ಟು. ಒಂದು ದೇವಸ್ಥಾನದ ಪ್ರಾಕಾರದಿಂದ ಬಂದುದು, ಇನ್ನೊಂದು ದಂಡಿನ ಪಾಳೆಯದಿಂದ ಬಂದುದು. ಎರಡಕ್ಕೂ ಒಂದೇ ಚಪ್ಪರದ ಕೆಳಗೆ ಎಲೆ ಹಾಕುತ್ತಾರೆ. ಎರಡಕ್ಕೂ ತಾಂಬೂಲ ಸಲ್ಲುತ್ತದೆ. ಇದನ್ನು ಸಂಕರವೆಂದು ಹಿರಿಯರಾರೂ ದೂರಿದುದನ್ನು ನಾವು ಕೇಳಿಲ್ಲ. ಆದರೆ ಇವೇ ಎರಡು ಸಂಗೀತಗಳು ಒಂದು ವೇದಿಕೆಯ ಮೇಲೆ, ಒಂದೇ ಕಾಲದಲ್ಲಿ, ಒಂದು ಕೃತಿಯೊಳಗೆ ಕೂಡಿದುವೆಂದರೆ ಕೂಡಲೆ ವಿವಾದವೇಳುತ್ತದೆ. ಒಂದು ಪಕ್ಷದವರು ಸಂಪ್ರದಾಯ ಕೆಟ್ಟಿತೆನ್ನುತ್ತಾರೆ. ಇನ್ನೊಂದು ಪಕ್ಷದವರು ಲೋಕವೆಲ್ಲ ಒಂದಾಯಿತೆಂದು ಹಿಗ್ಗುತ್ತಾರೆ. ಈ ಎರಡು ಮಾತುಗಳಲ್ಲಿಯೂ ಕೇಳಿದ ಸಂಗೀತದ ವಿಷಯ ಬಹಳ ಸ್ವಲ್ಪ. ಆಡುವವರ ಅಭಿಮಾನದ ವಿಷಯವೇ ಹೆಚ್ಚು.

ಇಂತಹ ಬೆರಕೆಯ ಕಚೇರಿಗಳು ಈಗ ಅಪೂರ್ವವಲ್ಲ. ಪಶ್ಚಿಮದವರು ಚೇಂಬರ್ ಸಂಗೀತವೆಂದು ಕರೆಯುವ ಕಿರುಮೇಳ, ಎಂದರೆ ನಾಲ್ಕಾರು ಜನ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿರ್ದೇಶಕನಿಲ್ಲದೆ ನಡಸುವ ಸಂಗೀತ, ನಮಗೆ ಹೊಸದೂ ಅಲ್ಲ. ಗಾಯಕ, ಪಿಟೀಲು, ಮೃದಂಗ, ಘಟ, ತಂಬೂರಿ ಎಂಬ ನಮ್ಮ ಕಚೇರಿಯೇ ಒಂದು ಕಿರುಮೇಳ; ಧ್ವನಿವರ್ಧಕ ಬರುವುದಕ್ಕೆ ಮುಂಚೆ ಅದು ಪಡಸಾಲೆಯಲ್ಲಿ ಬೆಳೆದುದು. ಈ ಕಿರುಮೇಳಕ್ಕೆ ಬೇರೆ ದೇಶದ ವಾದಕನೊಬ್ಬನು ಬಂದು ಕುಳಿತಾಗ ಏನಾಗುತ್ತದೆ, ಏನಾಗಬೇಕು ಎಂಬುದೇ ಪ್ರಕೃತ ವಿಚಾರ. ಇದಕ್ಕೆ ಅಳತೆಗೋಲನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬೆರಕೆಯ ಪ್ರಶ್ನೆಯನ್ನು ನಮ್ಮ ಲಾಕ್ಷಣಿಕರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಎತ್ತಿಕೊಂಡು, ಬಹಳ ಸೂಕ್ಷ್ಮವಾದ ಒಂದು ಉತ್ತರವನ್ನು ಕೊಟ್ಟಿದ್ದಾರೆ.

೨

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಸಂಸ್ಕೃತವನ್ನೂ ಕನ್ನಡವನ್ನೂ ಅರಿಯದೆ ಸಮಾಸದಲ್ಲಿ ಬೆರಸುವುದನ್ನು ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬಿಡುವುದಕ್ಕೆ ಹೋಲಿಸುತ್ತದೆ. ೧೧೧೨ರಲ್ಲಿ ‘ಧರ್ಮಾಮೃತ’ವನ್ನು ಬರೆದ ನಯಸೇನನು ಇದೇ ಬೆರಕೆಯನ್ನು ತುಪ್ಪಕ್ಕೂ ಎಣ್ಣೆಗೂ ಹೋಲಿಸಿ ಹಳಿದಿದ್ದಾನೆ. ಈ ಎರಡು ಉಪಮಾನಗಳೂ ಅಧ್ಯಾಪಕರ ಬಾಯಲ್ಲಿ ನಿತ್ಯವೂ ಸುಳಿಯುವುವು. ಆದರೆ ಇವುಗಳನ್ನು ಉದಾಹರಿಸುವವರು ಒಂದು ಮಾತನ್ನು ಮರೆಯುವುದುಂಟು. ‘ಕವಿರಾಜಮಾರ್ಗ’ವು ನಿಷೇಧಿಸಿದುದು ಎರಡು ಭಾಷೆಗಳ ಸಹವಾಸವನ್ನಲ್ಲ. ಆ ಗ್ರಂಥದ ಭಾಷೆಯೇ ಸಂಸ್ಕೃತಪದಗಳಿಂದ ತುಂಬಿದೆ. ಪಂಪ ರನ್ನರ ಚಂಪುಗಳಲ್ಲಿ ಗದ್ಯವೂ ಪದ್ಯವೂ, ಮಾರ್ಗವೂ ದೇಸಿಯೂ, ಸಂಸ್ಕೃತದ ವೃತ್ತವೂ ಕನ್ನಡದ ಕಂದವೂ ಪಕ್ಕಪಕ್ಕದಲ್ಲಿ ಕುಳಿತಿವೆ. ಲಾಕ್ಷಣಿಕನು ಬೇಡವೆಂದುದು ಒಂದೇ ಪದದ ಹೊಟ್ಟೆಯೊಳಗೆ ಎರಡು ಭಾಷೆಗಳನ್ನು ತುರುಕುವುದನ್ನು. ‘ರಾಜಮಂದಿರ’ವೆನ್ನಬಹುದು, ‘ಅರಮನೆ’ಯೆನ್ನಬಹುದು, ಒಂದೇ ವಾಕ್ಯದಲ್ಲಿ ಎರಡನ್ನೂ ಹೇಳಬಹುದು, ‘ರಾಜಮನೆ’ಯೆಂದರೆ ಕಿವಿ ಒಪ್ಪುವುದಿಲ್ಲ. ಇದೇ ಅರಿಸಮಾಸ. ವೈರವಿರುವುದು ಊರಿನಲ್ಲಿ ಅಲ್ಲ, ಬೆಸುಗೆಯಲ್ಲಿ.

ಅಷ್ಟೇ ಅಲ್ಲ. ಕೇಶಿರಾಜನ ಕಾಲದಿಂದ ನಮ್ಮ ವ್ಯಾಕರಣಸಂಪ್ರದಾಯವು ಈ ನಿಷೇಧಕ್ಕೆ ಅಪವಾದಗಳನ್ನೂ ಹೇಳುತ್ತ ಬಂದಿದೆ. ಬಿರುದಾವಳಿಯಲ್ಲಿ ಇದು ಸಲ್ಲುತ್ತದೆ. ಪೂರ್ವಕವಿಗಳ ಬಳಕೆಯಿಂದ ರೂಢಿಯಾಗಿದ್ದರೆ ಸಲ್ಲುತ್ತದೆ. ‘ಆ ಪುರುಷ’ ಎಂಬಂತಹ ಗಮಕಸಮಾಸದಲ್ಲಿ ದೋಷವಿಲ್ಲ. ‘ಧ್ಯಾನಗೆಯ್’ ಎಂಬಂತಹ ಕ್ರಿಯಾಸಮಾಸದಲ್ಲಿ ದೋಷವಿಲ್ಲ. ಹೆಸರು ಹೆಸರಿಗೆ ಬೆಸೆದುಕೊಳ್ಳುವಲ್ಲಿ ಮೂಡುವ ವಿರಸ, ಹೆಸರು ಕ್ರಿಯೆಯೊಂದಿಗೆ ಕೂಡುವಲ್ಲಿ ಮೂಡುವುದಿಲ್ಲ. ಇದು ಶುದ್ಧಿಯ ಹಟವಲ್ಲ. ಕಿವಿಯ ಅನುಭವದಿಂದ ಹುಟ್ಟಿದ ವಿವೇಕ. ಬೆರಸಬಹುದೆ ಎಂಬ ಪ್ರಶ್ನೆಯನ್ನು ಬಿಟ್ಟು, ಬೆಸುಗೆ ಎಲ್ಲಿ ಬಿದ್ದಿದೆ ಎಂಬ ಪ್ರಶ್ನೆಯನ್ನು ಅದು ಕೇಳಿತು. ಸಂಗೀತದ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ ಎಂದು ನಮ್ಮ ಅಭಿಪ್ರಾಯ.

೩

ನಮ್ಮ ಸಂಗೀತಕ್ಕೂ ಪಶ್ಚಿಮದ ಸಂಗೀತಕ್ಕೂ ಇರುವ ಮುಖ್ಯಭೇದ ಸ್ವರದ ಸ್ವಭಾವದಲ್ಲಿದೆ. ಪಶ್ಚಿಮದ ರೀತಿಯಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿ ಒಂದು ಪುಂಜವನ್ನು ಕಟ್ಟುತ್ತಾರೆ. ಅದಕ್ಕೆ ಕಾರ್ಡ್ ಎಂದು ಹೆಸರು. ಪುಂಜದಿಂದ ಪುಂಜಕ್ಕೆ ನಡೆಯುವ ನಡಗೆಯೇ ಹಾರ್ಮೊನಿ. ಪುಂಜವು ನಿಲ್ಲಬೇಕಾದರೆ ಅದರೊಳಗಿನ ಒಂದೊಂದು ಸ್ವರವೂ ತನ್ನ ಸ್ಥಾನದಲ್ಲಿ ಅಲುಗದೆ ನಿಲ್ಲಬೇಕು. ನಮ್ಮಲ್ಲಿ ಹಾಗಲ್ಲ. ತೋಡಿಯ ಗಾಂಧಾರವು ಒಂದು ಬಿಂದುವಲ್ಲ. ಅದು ಋಷಭ ಮಧ್ಯಮಗಳ ನಡುವೆ ತೂಗುವ ಒಂದು ಚಲನೆ. ಆ ತೂಗಾಟವನ್ನು ಕಳೆದು ಗಾಂಧಾರವನ್ನು ನೇರವಾಗಿ ನಿಲ್ಲಿಸಿದರೆ ಉಳಿಯುವುದು ಸ್ವರಸ್ಥಾನ ಮಾತ್ರ, ತೋಡಿಯಲ್ಲ. ಶಂಕರಾಭರಣದ ಏಳು ಸ್ವರಸ್ಥಾನಗಳು ಪಶ್ಚಿಮದ ಮೇಜರ್ ಶ್ರೇಣಿಯ ಸ್ಥಾನಗಳೇ ಎಂಬುದು ನಿಜ. ಆದರೂ ವಿದ್ವಾಂಸರೊಬ್ಬರು ಹಾಡುವ ಶಂಕರಾಭರಣವನ್ನು ಪಿಯಾನೋದ ಮೇಲೆ ಆ ಶ್ರೇಣಿಯ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಎಂದು ಯಾರೂ ಹೇಳರು. ಆದುದರಿಂದ ಗಮಕದಿಂದ ಕೂಡಿದ ಸ್ವರದ ಕೆಳಗೆ ಸ್ಥಿರವಾದ ಸ್ವರಪುಂಜವನ್ನಿಟ್ಟಾಗ, ಮೇಲಿನದು ತೂಗುತ್ತದೆ, ಕೆಳಗಿನದು ನಿಲ್ಲುತ್ತದೆ; ಒಂದೇ ಸ್ವರದೊಳಗೆ ಎರಡು ವ್ಯಾಕರಣಗಳು ಜಗಳವಾಡುತ್ತವೆ. ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬೀಳುವುದು ಇಲ್ಲಿ. ಇದು ಸಂಗೀತದ ಅರಿಸಮಾಸ.

ಲಯದ ವಿಷಯ ಬೇರೆ. ತಾಳವು ಎಣಿಕೆಯಿಂದ ಕಟ್ಟಿದುದು, ಎಣಿಕೆಗೆ ದೇಶಭೇದವಿಲ್ಲ. ಆದಿತಾಳದ ೮ ಅಕ್ಷರಗಳಿಗೆ ಚತುರಶ್ರಗತಿಯಲ್ಲಿ ೩೨ ಮಾತ್ರೆಗಳಾಗುತ್ತವೆ. ಹತ್ತು ಮಾತ್ರೆಯ ಒಂದು ಸೊಲ್ಲನ್ನು ಮೂರು ಸಲ ಹೇಳಿ, ನಡುವೆ ಎರಡು ಕಡೆ ಒಂದೊಂದು ಮಾತ್ರೆಯನ್ನು ಬಿಟ್ಟರೆ ೩೨ ಸರಿಹೋಗಿ ಮುಂದಿನ ಪೆಟ್ಟು ಸಮಕ್ಕೆ ಬೀಳುತ್ತದೆ. ಈ ಲೆಕ್ಕವನ್ನು ಬೆಂಗಳೂರಿನ ಮೃದಂಗಗಾರನು ಎಷ್ಟು ಸುಖಪಟ್ಟು ಬಿಡಿಸುವನೋ ಬಾಸ್ಟನ್ನಿನ ಜ್ಯಾಸ್ ವಾದಕನೂ ಅಷ್ಟೇ ಸುಖಪಟ್ಟು ಬಿಡಿಸಬಲ್ಲನು. ಇಬ್ಬರೂ ತಂತಮ್ಮ ನುಡಿಯನ್ನು ಬಿಡದೆ ಸಮದಲ್ಲಿ ಕೈಕುಲುಕಬಹುದು. ತಾಳದ ದಶಪ್ರಾಣಗಳಲ್ಲಿ ಒಂದಕ್ಕೆ ‘ಕ್ರಿಯೆ’ಯೆಂದೇ ಹೆಸರಿದೆ. ವ್ಯಾಕರಣದ ಕ್ರಿಯೆಗೂ ತಾಳದ ಕ್ರಿಯೆಗೂ ಇರುವ ಈ ನಾಮಸಾಮ್ಯವನ್ನು ಪ್ರಮಾಣವಾಗಿ ಒಡ್ಡುವುದು ಉಚಿತವಲ್ಲ. ಹಾಗೆ ಒಡ್ಡಿದರೆ ವ್ಯಾಕರಣದ ಗಮಕಕ್ಕೂ ಸಂಗೀತದ ಗಮಕಕ್ಕೂ ತಳಕು ಹಾಕಬೇಕಾಗಿ ಬಂದು, ನಮ್ಮ ವಾದವೇ ತಲೆಕೆಳಗಾದೀತು. ಹೆಸರು ಹೇಗಾದರೂ ಇರಲಿ; ಕ್ರಿಯೆಯಲ್ಲಿ ಬೆಸೆದ ಬೆಸುಗೆ ನಿಲ್ಲುತ್ತದೆಂಬುದು ಕೇಳಿ ತಿಳಿಯಬಹುದಾದ ವಿಷಯ.

ನಮ್ಮ ಹಿರಿಯರ ಬೆರಕೆಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವರ ಎಚ್ಚರ ಸ್ಪಷ್ಟವಾಗುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಆಂಗ್ಲರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತಸಾಹಿತ್ಯವನ್ನು ರಚಿಸಿದರು; ನೋಟ್ಟುಸ್ವರಗಳೆಂದು ಹೆಸರಾದ ಇವುಗಳಲ್ಲಿ ಅವರು ಮಟ್ಟನ್ನು ಮಾತ್ರ ತೆಗೆದುಕೊಂಡು ಹಾರ್ಮೊನಿಯನ್ನು ಹೊರಗೇ ಬಿಟ್ಟರು. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ಮೈಸೂರಿನ ಟಿ. ಚೌಡಯ್ಯನವರು ೧೯೨೭ರಲ್ಲಿ ಆ ಪಿಟೀಲಿಗೇ ಏಳು ತಂತಿಗಳನ್ನು ಕಟ್ಟಿದರು. ನಾದ ತುಂಬಿ ಬರಲೆಂಬುದು ಅವರ ಉದ್ದೇಶ, ಪುಂಜವನ್ನು ಕಟ್ಟಬೇಕೆಂದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಕರ್ಣಾಟಕವಾದ್ಯಗಳ ಮೇಳವೂ ಇತ್ತು, ಪಾಶ್ಚಾತ್ಯವಾದ್ಯಗಳ ಮೇಳವೂ ಇತ್ತು. ಅದೇ ಆಸ್ಥಾನದ ವೀಣೆಯ ವೆಂಕಟಗಿರಿಯಪ್ಪನವರು ‘ನಗ್ಮಾ’ ಎಂಬ, ಮಾತಿಲ್ಲದೆ ವಾದ್ಯಕ್ಕೆಂದೇ ಹೊಸೆದ ರಚನೆಗಳನ್ನು ಮಾಡಿದರು. ಹೆಸರು ಹಿಂದೂಸ್ಥಾನದ್ದು, ನಡೆ ಚುರುಕಾದುದು, ರಾಗವೂ ಬೆರಳೂ ಮೈಸೂರಿನವೇ. ಹಾಸನದ ಸೀಮೆಯ ಗದ್ದವಳ್ಳಿಯಲ್ಲಿ ೧೯೨೦ರಲ್ಲಿ ಹುಟ್ಟಿದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು ವೆಂಕಟಗಿರಿಯಪ್ಪನವರ ಶಿಷ್ಯರೆಂಬುದನ್ನು ನಮ್ಮ ಕಡೆಯವರು ಹೆಮ್ಮೆಯಿಂದ ನೆನೆಯುತ್ತಾರೆ.

ಜಯಚಾಮರಾಜ ಒಡೆಯರ ನಿದರ್ಶನವಂತೂ ಇನ್ನೂ ಬೋಧಪ್ರದವಾದುದು. ಲಂಡನ್ನಿನ ಫಿಲ್‌ಹಾರ್ಮೋನಿಯ ಕಚೇರಿಸಂಘಕ್ಕೆ ಅವರು ಅಧ್ಯಕ್ಷರಾಗಿದ್ದರು. ರಷ್ಯದ ರಚನಕಾರ ಮೆಟ್ನರನ ಕೃತಿಗಳು ಧ್ವನಿಮುದ್ರಿಕೆಗಳಾಗಿ ಉಳಿದುದು ಅವರ ಔದಾರ್ಯದಿಂದ. ೧೯೫೦ರಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲು ಕೇಳಿಬಂದುದೂ ಅವರ ನೆರವಿನಿಂದ. ಅದೇ ಕೈ ಶ್ರೀವಿದ್ಯಾಂಕಿತದಲ್ಲಿ ೯೪ ಕರ್ಣಾಟಕಕೃತಿಗಳನ್ನು ರಚಿಸಿತು. ಎರಡು ಸಂಗೀತಗಳನ್ನೂ ಇಷ್ಟು ಆಳವಾಗಿ ಬಲ್ಲವರು ನಮ್ಮ ದೇಶದಲ್ಲಿ ವಿರಳ. ಆದರೂ ಅವರ ಕೃತಿಗಳಲ್ಲಿ ಮೆಟ್ನರನ ಸ್ವರಪುಂಜಗಳನ್ನು ಹುಡುಕಿದರೆ ದೊರೆಯುವುದಿಲ್ಲ. ಎರಡು ಪ್ರೀತಿಗಳು ಒಂದು ಜೀವನದಲ್ಲಿ ಕೂಡಿದುವು; ಒಂದು ಸಮಾಸದಲ್ಲಿ ಕೂಡಲಿಲ್ಲ. ಹೆಚ್ಚು ಬಲ್ಲವರು ಕಡಮೆ ಬೆರಸಿದರೆಂಬುದು ಯೋಚಿಸತಕ್ಕ ವಿಷಯ.

೪

ಇನ್ನು ನಮ್ಮ ಕಾಲದ ಮೇಳಗಳಿಗೆ ಬರೋಣ. ಮೃದಂಗದ ಟಿ. ಎ. ಎಸ್. ಮಣಿಯವರು ೧೯೬೪ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಲಯವಾದ್ಯಗಳ ಶಾಲೆಯನ್ನು ಸ್ಥಾಪಿಸಿದರು. ಪಕ್ಕವಾದ್ಯವೆಂದು ಪಕ್ಕದಲ್ಲಿಯೇ ಉಳಿದಿದ್ದ ವಾದ್ಯಗಳಿಗೆ ಒಂದು ಶಾಲೆಯನ್ನು ಕಟ್ಟಿದುದೇ ಒಂದು ಅಭಿಪ್ರಾಯವನ್ನು ಹೇಳಿದಂತೆ. ಅವರ ಪತ್ನಿ ಆರ್. ಎ. ರಮಾಮಣಿಯವರು ಗಾಯಕಿ, ರಚನಕಾರ್ತಿ. ಈ ಶಾಲೆಯ ಹೆಸರಿನ ಮೇಳವು ಜರ್ಮನಿಯ ಡಿಸಿಡೆಂಟನ್ ಎಂಬ ತಂಡದೊಡನೆ ಸೇರಿ ನುಡಿಸಿದ ‘ಜರ್ಮನಿಸ್ತಾನ್’ ೧೯೮೨ರಲ್ಲಿ ಹೊರಬಂತು. ಅಮೆರಿಕದ ಚಾರ್ಲಿ ಮರಿಯಾನೊ ಅವರೊಡನೆ ೧೯೮೩ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗಿನಲ್ಲಿ ಮುದ್ರಿತವಾದ ‘ಜ್ಯೋತಿ’ಯು ಇ. ಸಿ. ಎಂ. ಸಂಸ್ಥೆಯಿಂದ ಪ್ರಕಟವಾಯಿತು. ಮಣಿಯವರು ೨೦೨೦ರಲ್ಲಿ ತೀರಿಕೊಂಡರು. ಮರಿಯಾನೊ ಅವರು ೨೦೦೯ರಲ್ಲಿಯೇ ತೀರಿಕೊಂಡಿದ್ದರು. ಆ ಕೂಟದ ಕಚೇರಿ ಮತ್ತೆ ಸಿಕ್ಕುವಂತಿಲ್ಲ. ‘ಜ್ಯೋತಿ’ ಉಳಿದಿದೆ, ಅದನ್ನೇ ಮುಂದಿಟ್ಟುಕೊಂಡು ವಿಮರ್ಶಿಸಬೇಕು.

ಮರಿಯಾನೊ ಅವರು ೧೯೨೩ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವರು. ಚಾರ್ಲ್ಸ್ ಮಿಂಗಸ್ ಅವರ ೧೯೬೩ರ ಪ್ರಸಿದ್ಧ ಮುದ್ರಿಕೆಯೊಂದರಲ್ಲಿ ನುಡಿಸಿ ಜ್ಯಾಸ್ ಲೋಕದಲ್ಲಿ ಹೆಸರು ಪಡೆದವರು. ಮಲೇಷ್ಯದಲ್ಲಿದ್ದಾಗ ನಾಗಸ್ವರವನ್ನು ಕೇಳಿ ಮನಸೋತು, ಮುಂದೆ ದಕ್ಷಿಣಭಾರತಕ್ಕೆ ಬಂದು ಅದನ್ನು ಕಲಿತರು. ನಡುವಯಸ್ಸಿನಲ್ಲಿ, ತನ್ನ ವಾದ್ಯದಲ್ಲಿ ಪಳಗಿದವನೊಬ್ಬನು ಮತ್ತೆ ಶಿಷ್ಯನಾಗಿ ನೆಲದ ಮೇಲೆ ಕುಳಿತುಕೊಳ್ಳುವುದು ಸುಲಭವಲ್ಲ. ಈ ಕಲಿಕೆಯ ಫಲ ‘ಜ್ಯೋತಿ’ಯಲ್ಲಿ ಕೇಳಿಬರುತ್ತದೆ.

ಮೊದಲು ಮೇಳದ ರಚನೆಯನ್ನು ಗಮನಿಸಬೇಕು. ರಮಾಮಣಿಯವರ ಗಾಯನ, ತಂಬೂರಿ, ಮಣಿಯವರ ಮೃದಂಗ, ಆರ್. ಎ. ರಾಜಗೋಪಾಲರ ಘಟ, ಮೋರ್ಸಿಂಗು, ಕೊನ್ನಕ್ಕೋಲು, ಟಿ. ಎನ್. ಶಶಿಕುಮಾರರ ಖಂಜರಿ, ಕೊನ್ನಕ್ಕೋಲು. ಮರಿಯಾನೊ ಅವರ ಸೊಪ್ರಾನೊ ಸ್ಯಾಕ್ಸೊಫೋನು, ಕೊಳಲು. ಇಷ್ಟೆ. ಪಿಯಾನೋ ಇಲ್ಲ, ಗಿಟಾರು ಇಲ್ಲ. ಸ್ವರಪುಂಜವನ್ನು ಕಟ್ಟಬಲ್ಲ ವಾದ್ಯವೊಂದೂ ಈ ಮೇಳದಲ್ಲಿಲ್ಲ. ಅರಿಸಮಾಸಕ್ಕೆ ಬಾಗಿಲನ್ನೇ ಇಟ್ಟಿಲ್ಲವೆನ್ನಬೇಕು. ಸ್ಯಾಕ್ಸೊಫೋನು ಪರದೇಶದ್ದಾದರೂ ಒಂದು ಸಲಕ್ಕೆ ಒಂದೇ ಸ್ವರವನ್ನು ನುಡಿಯುವ ವಾದ್ಯ. ತುಟಿಯ ಹಿಡಿತದಿಂದ ಸ್ವರವನ್ನು ಬಾಗಿಸಬಲ್ಲುದು, ಜಾರಿಸಬಲ್ಲುದು. ಆದುದರಿಂದ ಅದು ಕಂಠದ ಪಕ್ಕದಲ್ಲಿ ಇನ್ನೊಂದು ಕಂಠವಾಗಿ ನಿಲ್ಲುತ್ತದೆ. ಎರಡೂ ಒಂದೇ ತಂಬೂರಿಯ ಶ್ರುತಿಯನ್ನು ಆಶ್ರಯಿಸಿವೆ.

ಎರಡನೆಯದು ಮುದ್ರಿಕೆಯ ಮೊದಲು. ವಿದೇಶದ ಪ್ರಖ್ಯಾತ ವಾದಕನ ಹೆಸರು ಹೊದಿಕೆಯ ಮೇಲೆ ಮುಂದಾಗಿ ಬಂದಿರುವ ಈ ಮುದ್ರಿಕೆಯು ಆತನ ವಾದ್ಯದಿಂದ ಆರಂಭವಾಗುವುದಿಲ್ಲ. ರಮಾಮಣಿಯವರ ಏಕಾಂಗಗಾಯನದಿಂದ ಆರಂಭವಾಗುತ್ತದೆ. ಮನೆಯೊಡತಿ ದೀಪ ಹಚ್ಚಿದ ಮೇಲೆ ಅತಿಥಿ ಒಳಕ್ಕೆ ಬಂದಂತೆ ಇದೆ. ಮುಂದಿನ ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’ ಮೊದಲಾದವುಗಳಲ್ಲಿ ಕೇಳುವವನಿಗೆ ಮುಖ್ಯವಾಗಿ ತೋರುವುದು ಎರಡು ರಾಗಧ್ವನಿಗಳ ಸಂವಾದ. ಕಂಠವು ಒಂದು ಸಂಗತಿಯನ್ನು ಹೇಳುತ್ತದೆ. ಸ್ಯಾಕ್ಸೊಫೋನು ಅದನ್ನು ಕೇಳಿಸಿಕೊಂಡು ತನ್ನ ಉಚ್ಚಾರಣೆಯಲ್ಲಿ ಉತ್ತರ ಕೊಡುತ್ತದೆ. ಆ ಉಚ್ಚಾರಣೆ ಕರ್ಣಾಟಕದ ಗಮಕವಲ್ಲ. ಹಾಗೆ ನಟಿಸುವುದೂ ಇಲ್ಲ. ಜ್ಯಾಸಿನವನ ಕೊರಳುಬ್ಬಸ ಅಲ್ಲಿ ಕೇಳಿಬರುತ್ತದೆ. ಕನ್ನಡವನ್ನು ಚೆನ್ನಾಗಿ ಕಲಿತು ತನ್ನ ಊರಿನ ರಾಗವನ್ನು ಬಿಡದೆ ಮಾತಾಡುವ ಪರಸ್ಥಳದವನ ಮಾತಿನಂತೆ ಇದು ಸೊಗಸಾಗಿದೆ. ಇಬ್ಬರೂ ಒಂದೇ ವಾಕ್ಯದಲ್ಲಿ ಬೇರೆಬೇರೆ ಪದಗಳಾಗಿ ನಿಂತಿದ್ದಾರೆ. ಒಂದು ಪದದೊಳಗೆ ತುರುಕಿಕೊಂಡಿಲ್ಲ.

ಬೆಸುಗೆ ಬೀಳುವುದು ಲಯದಲ್ಲಿ. ಕೊನ್ನಕ್ಕೋಲಿನ ಸೊಲ್ಲುಗಳು ಏಳುವ ಕಡೆ ಮೇಳದ ಐವರೂ ಒಂದೇ ಲೆಕ್ಕದಲ್ಲಿ ನಡೆಯುತ್ತಾರೆ. ತೀರ್ಮಾನಗಳು ಸಮಕ್ಕೆ ಬಂದು ಬೀಳುವಲ್ಲಿ ಅತಿಥಿ ಯಾರು, ಮನೆಯವರಾರು ಎಂಬುದು ತಿಳಿಯದು. ವೈಯಾಕರಣನು ದೋಷವಿಲ್ಲವೆಂದು ಬಿಟ್ಟುಕೊಟ್ಟ ಎಡೆಯಲ್ಲಿಯೇ ಈ ಮೇಳದವರು ಕೂಡಿಕೊಂಡಿದ್ದಾರೆ. ಅವರು ವ್ಯಾಕರಣವನ್ನು ಓದಿ ಹಾಗೆ ಮಾಡಿದರೆಂದು ನಾವು ಹೇಳುವುದಿಲ್ಲ. ಒಳ್ಳೆಯ ಕಿವಿ ಒಳ್ಳೆಯ ವ್ಯಾಕರಣವನ್ನು ತಾನಾಗಿ ಹುಡುಕಿಕೊಳ್ಳುತ್ತದೆ.

ದೋಷಗಳಿಲ್ಲವೆಂದಲ್ಲ. ಸ್ಯಾಕ್ಸೊಫೋನಿನಲ್ಲಿ ಕಾಣುವ ಧೈರ್ಯ ಕೊಳಲಿನಲ್ಲಿ ಕಾಣುವುದಿಲ್ಲ. ಕೊಳಲು ನಮ್ಮಲ್ಲಿಯೂ ಇರುವ ವಾದ್ಯವಾದುದರಿಂದ ಕೇಳುವವನು ನಮ್ಮ ವೇಣುವಾದಕರನ್ನು ನೆನೆಯದೆ ಇರಲಾರನು. ಆ ಹೋಲಿಕೆಯಲ್ಲಿ ಅತಿಥಿ ಹಿಂದೆ ಬೀಳುತ್ತಾನೆ. ಆ ಸಂಸ್ಥೆಯ ಮುದ್ರಿಕೆಗಳಿಗೆ ಹೆಸರಾದ ಅನುರಣನವು ಕಂಠಕ್ಕೆ ಒಂದು ಗುಡಿಯ ಗಾಂಭೀರ್ಯವನ್ನು ತಂದರೂ ಮೃದಂಗದ ಎಡಬಲಗಳ ಬಿಡಿಮಾತನ್ನು ಸ್ವಲ್ಪ ಮಸಕುಮಾಡಿದೆ. ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಆಕ್ಷೇಪಣೆಯಿದೆ. ಅದನ್ನು ಕೊನೆಗೆ ಹೇಳುತ್ತೇವೆ.

೫

‘ಜ್ಯೋತಿ’ಯ ಪಕ್ಕದಲ್ಲಿ ಇಡತಕ್ಕ ಇನ್ನೊಂದು ಮುದ್ರಿಕೆ ೨೦೦೮ರ ‘ಕಿನ್ಸ್‌ಮೆನ್’. ಹೆಸರಿಗೆ ಬಂಧುಗಳೆಂದು ಅರ್ಥ. ಇದರಲ್ಲಿ ನಮ್ಮವರಾದ ಕದ್ರಿ ಗೋಪಾಲನಾಥರೂ ಅಮೆರಿಕದ ರುದ್ರೇಶ ಮಹಾಂತಪ್ಪನವರೂ ಕೂಡಿ ನುಡಿಸಿದ್ದಾರೆ, ಇಬ್ಬರದೂ ಸ್ಯಾಕ್ಸೊಫೋನೇ. ಗೋಪಾಲನಾಥರು ೧೯೪೯ರಲ್ಲಿ ದಕ್ಷಿಣಕನ್ನಡದಲ್ಲಿ ನಾಗಸ್ವರದ ಮನೆತನದಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಅದಕ್ಕೆ ಮನಸೋತರು. ವರ್ಷಗಟ್ಟಲೆ ಸಾಧಿಸಿ ಆ ಪರದೇಶದ ವಾದ್ಯದಿಂದ ಕರ್ಣಾಟಕದ ಗಮಕವನ್ನು ನುಡಿಸಿದರು. ೧೯೯೪ರಲ್ಲಿ ಲಂಡನ್ನಿನ ಬಿ. ಬಿ. ಸಿ. ಪ್ರೊಮೆನಾಡ್ ಕಚೇರಿಯಲ್ಲಿ ನುಡಿಸಿದರು, ೨೦೧೯ರಲ್ಲಿ ತೀರಿಕೊಂಡರು. ಅರಮನೆಯಲ್ಲಿ ಬೇರೆಬೇರೆಯಾಗಿ ನಿಂತಿದ್ದ ಎರಡು ಮೇಳಗಳು ಹೀಗೆ ಒಬ್ಬ ಬಾಲಕನ ಕಿವಿಯಲ್ಲಿ ಒಂದಾದುವು. ಇದನ್ನು ಬೆರಕೆಯೆನ್ನುವುದಕ್ಕಿಂತ ತದ್ಭವವೆನ್ನುವುದು ಯುಕ್ತ. ‘ಸಂಧ್ಯಾ’ ಎಂಬುದು ‘ಸಂಜೆ’ಯಾದ ಮೇಲೆ ಅದು ಕನ್ನಡದ ಮನೆಯದೇ ಆಗಿ, ಯಾವ ಕನ್ನಡಪದದೊಡನೆಯೂ ನಿರಾತಂಕವಾಗಿ ಸಮಾಸವಾಗುತ್ತದೆ. ಗೋಪಾಲನಾಥರ ಸ್ಯಾಕ್ಸೊಫೋನೂ, ಅದಕ್ಕೆ ಹಿಂದೆ ಪಿಟೀಲೂ ಇಂತಹ ತದ್ಭವಗಳು.

‘ಕಿನ್ಸ್‌ಮೆನ್’ ಮೇಳದಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗಗಳ ಜೊತೆಗೆ ರೆಜ್ ಅಬ್ಬಾಸಿಯವರ ಗಿಟಾರು, ಕಾರ್ಲೊ ಡಿ ರೋಸಾ ಅವರ ಬೇಸ್, ರಾಯಲ್ ಹಾರ್ಟಿಗನ್ ಅವರ ಡ್ರಮ್ ಇವೆ. ಎಂದರೆ ಇಲ್ಲಿ ಸ್ವರಪುಂಜಕ್ಕೆ ಬಾಗಿಲು ತೆರೆದಿದೆ. ಈ ಮೇಳದ ಸಾಹಸ ‘ಜ್ಯೋತಿ’ಯದಕ್ಕಿಂತ ದೊಡ್ಡದು, ಅಪಾಯವೂ ದೊಡ್ಡದು. ನಡುನಡುವೆ ಕೆಲವು ವಾದಕರಿಗೆ ಒಬ್ಬೊಬ್ಬರಾಗಿ ಆಲಾಪನೆಯ ಅವಕಾಶವನ್ನು ಕೊಟ್ಟಿರುವುದು ಬಹಳ ವಿವೇಕದ ಕೆಲಸ. ಆ ಎಡೆಗಳಲ್ಲಿ ಗಿಟಾರೂ ಪಿಟೀಲೂ ಚಂಪುವಿನ ಗದ್ಯಪದ್ಯಗಳಂತೆ ಒಂದಾದ ಮೇಲೊಂದು ಬಂದು ತಮ್ಮ ಶುದ್ಧಿಯನ್ನು ಉಳಿಸಿಕೊಳ್ಳುತ್ತವೆ. ಎರಡು ಸ್ಯಾಕ್ಸೊಫೋನುಗಳು ಚುರುಕಾದ ಸ್ವರಗಳನ್ನು ಪೈಪೋಟಿಯಿಂದ ಹೇಳುವಲ್ಲಿ ವಿರಸವಿಲ್ಲ; ವೇಗದಲ್ಲಿ ಗಮಕವು ತಾನಾಗಿ ಕಿರಿದಾಗುವುದರಿಂದ ಪುಂಜವು ಅದನ್ನು ತಡೆಯುವುದಿಲ್ಲ. ಆದರೆ ವಿಳಂಬದಲ್ಲಿ ರಾಗವು ತನ್ನ ತೂಗಾಟವನ್ನು ತೋರಬೇಕಾದಲ್ಲಿ ಕೆಳಗೆ ಪುಂಜವು ಬಂದರೆ, ಕೇಳುವವನ ಕಿವಿ ಯಾವುದನ್ನು ನಂಬಬೇಕೆಂದು ತಿಳಿಯದೆ ಎರಡರ ನಡುವೆ ಓಲಾಡುತ್ತದೆ. ಇದನ್ನು ನುಡಿಸುವವರ ಅಸಾಮರ್ಥ್ಯವೆನ್ನುವಂತಿಲ್ಲ. ಇಷ್ಟು ಸಮರ್ಥರು ಕೂಡಿದ ಕಡೆಯೂ ಆ ಎಡೆಯಲ್ಲಿ ತೊಡಕು ಕಾಣುವುದರಿಂದಲೇ ತೊಡಕು ಬೆಸುಗೆಯ ಸ್ಥಾನದ್ದೆಂದು ನಿಶ್ಚಯವಾಗುತ್ತದೆ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಅರಿಸಮಾಸದ ನಿಷೇಧವನ್ನು ಕನ್ನಡಿಗರೇ ಮೀರಿ ಬಂದಿಲ್ಲವೆ? ಇಂದಿನ ಕನ್ನಡದಲ್ಲಿ ಅಂತಹ ಸಮಾಸಗಳು ನೂರಾರು ಇಲ್ಲವೆ? ಹಾಗೆಯೇ ಇಂದು ವಿರಸವಾಗಿ ಕೇಳುವ ಸ್ವರಪುಂಜವೂ ನಾಳೆ ರೂಢಿಯಿಂದ ಸರಸವಾಗಬಾರದೇಕೆ? ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಪೂರ್ವಪ್ರಯೋಗವಿದ್ದರೆ ಸಲ್ಲುತ್ತದೆಂದು ವೈಯಾಕರಣರೇ ಹೇ‍ಳಿದ್ದಾರೆ. ಆದರೆ ಆ ರೂಢಿಯನ್ನು ಸ್ಥಾಪಿಸತಕ್ಕವರು ಎರಡು ಭಾಷೆಗಳನ್ನೂ ಬಲ್ಲ ಕವಿಗಳು. ‘ಅರಿಯದೆ ಬೆರಸಿದರೆ’ ಎಂಬ ಅಭಿಪ್ರಾಯ ‘ಕವಿರಾಜಮಾರ್ಗ’ದಲ್ಲಿದೆಯೆಂಬುದನ್ನು ಮರೆಯಬಾರದು. ಅರಿತು ಬೆರಸಿದವನ ಪ್ರಯೋಗವನ್ನು ಕಾದು ನೋಡಬೇಕು. ಅರಿಯದೆ ಬೆರಸಿದವನದನ್ನು ಕಾಯುವ ಅವಶ್ಯಕತೆಯಿಲ್ಲ. ನಗರಗಳ ವೇದಿಕೆಗಳಲ್ಲಿ ಫ್ಯೂಷನ್ನೆಂಬ ಹೆಸರಿನಿಂದ ನಡೆಯುವ ಎಷ್ಟೋ ಕಚೇರಿಗಳು ಎರಡನೆಯ ವರ್ಗಕ್ಕೆ ಸೇರಿದುವೆಂದು ವ್ಯಸನದಿಂದ ಹೇಳಬೇಕಾಗಿದೆ. ಅಲ್ಲಿ ಬೆರೆಯುವುದು ಎರಡು ವಿದ್ಯೆಗಳಲ್ಲ, ಎರಡು ಅರೆಗಲಿಕೆಗಳು.

೬

ಕೊನೆಗೆ ಉಳಿಸಿಕೊಂಡ ಆಕ್ಷೇಪಣೆ ಮಾತಿನ ವಿಷಯ. ಸಾಹಿತ್ಯದ ಅಧ್ಯಾಪಕರಿಗೆ ಇದು ವಿಶೇಷವಾಗಿ ಸಂಬಂಧಪಟ್ಟುದು. ದೇಶದೇಶಗಳ ವಾದಕರು ಕೂಡಿದಾಗ ಮೊದಲು ಹೊರಗಾಗುವುದು ಭಾಷೆ. ರಾಗವನ್ನು ಅತಿಥಿ ಕಲಿಯಬಹುದು, ತಾಳವನ್ನು ಕಲಿಯಬಹುದು. ಪುರಂದರದಾಸರ ಒಂದು ಮಾತಿನ ಚಾಟಿಯನ್ನು ಆತನು ಹೇಗೆ ಅನುಭವಿಸಬೇಕು? ಆದುದರಿಂದ ಇಂತಹ ಮೇಳಗಳಲ್ಲಿ ಕಂಠವು ಆಕಾರವಾಗುತ್ತದೆ, ಸ್ವರವಾಗುತ್ತದೆ, ಸೊಲ್ಲಾಗುತ್ತದೆ. ಸಾಹಿತ್ಯವು ಹಿಂದಕ್ಕೆ ಸರಿಯುತ್ತದೆ. ‘ಜ್ಯೋತಿ’ಯಲ್ಲಿ ರಮಾಮಣಿಯವರ ಕಂಠ ವಾದ್ಯಗಳಲ್ಲಿ ಒಂದು ವಾದ್ಯವಾಗಿ ಶೋಭಿಸುತ್ತದೆಂಬುದು ಹೊಗಳಿಕೆಯೂ ಹೌದು, ಕೊರತೆಯೂ ಹೌದು.

ಈ ಕೊರತೆಯ ಬೆಲೆಯನ್ನು ನಮ್ಮ ಸೀಮೆಯವರು ಚೆನ್ನಾಗಿ ಬಲ್ಲರು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ತಡಿಯಲ್ಲಿರುವ ರುದ್ರಪಟ್ಟಣ ಸಂಗೀತಗಾರರ ಊರು. ೧೯೨೦ರಲ್ಲಿ ಅಲ್ಲಿ ಹುಟ್ಟಿ ೨೦೧೪ರವರೆಗೆ ಬಾಳಿದ ಆರ್. ಕೆ. ಶ್ರೀಕಂಠನ್ ಅವರು ಸಾಹಿತ್ಯಶುದ್ಧಿಗೆ ಹೆಸರಾದವರು. ಅವರು ಹಾಡಿದರೆ ಅಕ್ಷರವೊಂದೂ ಜಾರುತ್ತಿರಲಿಲ್ಲ. ಅದೇ ಊರಿನಲ್ಲಿ ಆರ್. ಕೆ. ಪದ್ಮನಾಭರ ಪ್ರಯತ್ನದಿಂದ ತಂಬೂರಿಯ ಆಕಾರದಲ್ಲಿ ಸಪ್ತಸ್ವರದೇವತಾ ಧ್ಯಾನಮಂದಿರವೆದ್ದಿದೆ. ಇನ್ನೊಂದು ದಿಕ್ಕಿಗೆ ಚನ್ನರಾಯಪಟ್ಟಣ; ೧೯೩೯ರಲ್ಲಿ ಅಲ್ಲಿ ಹುಟ್ಟಿದ ಸಿ. ಅಶ್ವತ್ಥರು ಹಿಂದೂಸ್ಥಾನಿಯನ್ನು ಕಲಿತು, ಪಶ್ಚಿಮದ ವಾದ್ಯಗಳನ್ನು ಧಾರಾಳವಾಗಿ ಸೇರಿಸಿಕೊಂಡು, ಶಿಶುನಾಳ ಷರೀಫರ ತತ್ವಪದಗಳನ್ನೂ ಹೊಸಗನ್ನಡ ಕವಿಗಳ ಭಾವಗೀತೆಗಳನ್ನೂ ಮನೆಮನೆಗೆ ಮುಟ್ಟಿಸಿದರು. ೨೦೦೫ರಲ್ಲಿ ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಅವರು ನಡಸಿದ ‘ಕನ್ನಡವೇ ಸತ್ಯ’ ಕಿರುಮೇಳವಲ್ಲ, ಮಹಾಮೇಳ. ಅವರ ವಾದ್ಯಗೋಷ್ಠಿಯಲ್ಲಿ ಎಷ್ಟೋ ದೇಶಗಳು ಬೆರೆತಿದ್ದುವು. ಆದರೆ ಅವೆಲ್ಲ ಕನ್ನಡದ ಒಂದು ಸಾಲನ್ನು ಹೊತ್ತು ನಡೆಯಬೇಕಾಗಿತ್ತು. ಹಾಡಿನ ಸೂಕ್ಷ್ಮವಾದ ರಾಗಾಂಶ ಅಲ್ಲಿ ಕೆಲವು ಸಲ ಬಲಿಯಾದುದುಂಟು, ಮಾತು ಬಲಿಯಾಗಲಿಲ್ಲ.

ಹೀಗೆ ನಮ್ಮ ಮುಂದೆ ಎರಡು ಮಾದರಿಗಳಿವೆ. ಒಂದರಲ್ಲಿ ರಾಗ ಉಳಿದು ಮಾತು ಸವೆದಿದೆ. ಇನ್ನೊಂದರಲ್ಲಿ ಮಾತು ಉಳಿದು ರಾಗ ಸವೆದಿದೆ. ಶ್ರುತಿಯನ್ನೂ ಗಮಕವನ್ನೂ ಕೆಡಿಸದೆ, ಬೆಸುಗೆಯನ್ನು ಲಯದಲ್ಲಿಟ್ಟು, ಕನ್ನಡದ ಒಂದು ವಚನವನ್ನೋ ಪದವನ್ನೋ ಅರ್ಥಗೆಡದಂತೆ ನಡಸುವ ಕಿರುಮೇಳವೊಂದು ಬಂದರೆ ಈ ಕಲೆ ಪೂರ್ಣವಾಗುತ್ತದೆಂದು ನಮ್ಮ ನಂಬಿಕೆ. ಅದು ಅಸಾಧ್ಯವೆಂದು ತೋರುವುದಿಲ್ಲ. ‘ಜ್ಯೋತಿ’ಯವರು ಅರ್ಧದಾರಿಯನ್ನು ಕಡಿದು ಕೊಟ್ಟಿದ್ದಾರೆ.

ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ತರಗತಿಯಲ್ಲಿ ಅರಿಸಮಾಸವನ್ನು ಹೇಳುವಾಗ ಒಂದು ಸಲ ‘ಜ್ಯೋತಿ’ಯನ್ನೂ ಒಂದು ಸಲ ‘ಕಿನ್ಸ್‌ಮೆನ್’ನ ವಿಳಂಬದ ಒಂದು ಭಾಗವನ್ನೂ ಹುಡುಗರಿಗೆ ಕೇಳಿಸಿ, ಬೆಸುಗೆ ಎಲ್ಲಿದೆಯೆಂದು ಕೇಳಿ ನೋಡಬಹುದು. ಸೂತ್ರವನ್ನು ಬಾಯಿಪಾಠ ಮಾಡುವ ಹುಡುಗನು ಅಂದು ತನ್ನ ಕಿವಿಯಿಂದಲೇ ಉತ್ತರ ಹೇಳುವನು. ನಾವು ಹೇಳಿದುದರಲ್ಲಿ ತಪ್ಪಿದ್ದರೆ ಲಕ್ಷಣವನ್ನೂ ಲಕ್ಷ್ಯವನ್ನೂ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ.